ಬಿಲ್ಲೆ ಅವರದು, ಒರಳು ನಮ್ಮದು

ಶಾವಿಗೆಯ ಬಗ್ಗೆ ಬರೆಯುವವರೆಲ್ಲ ಈಗ ಅಜ್ಜಿಯನ್ನು ಎಳೆದು ತಂದು ಒಲೆಯ ಮುಂದೆ ಕೂರಿಸುತ್ತಾರೆ. ಅಜ್ಜಿಗೆ ಬೆಳ್ಳಿಗೂದಲು, ಕೈಯಲ್ಲಿ ಅಮೃತ, ಬಾಯಲ್ಲಿ ಹಾಡು. ಫೋನಿನಲ್ಲಿ ಬರುವ ಅಡುಗೆಯ ವಿಡಿಯೋಗಳಲ್ಲಂತೂ ಹಿನ್ನೆಲೆಗೆ ಕೊಳಲು ಬೇರೆ. ನಮ್ಮಜ್ಜಿ ಶಾವಿಗೆ ಒತ್ತುವ ದಿನ ಬೆಳಗ್ಗೆಯಿಂದಲೇ ಬೈಯಲು ಶುರು ಮಾಡುತ್ತಿದ್ದಳು. ಅಕ್ಕಿ ತಂದವನನ್ನು, ತೆಂಗಿನಕಾಯಿ ಸುಲಿದವನನ್ನು, ಶಾವಿಗೆ ಬೇಕು ಎಂದು ಬಾಯಿಬಿಟ್ಟ ಅಳಿಯನನ್ನು, ಆ ಅಳಿಯನನ್ನು ಹೆತ್ತವಳನ್ನು. ತಟ್ಟೆಗೆ ಬಡಿಸುವಾಗಲೂ ‘ತಿನ್ರಿ, ನನ್ನ ಸೊಂಟ ತಿನ್ರಿ’ ಅನ್ನುತ್ತಿದ್ದಳು. ಅವಳ ಶಾವಿಗೆ ಚೆನ್ನಾಗಿತ್ತೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಹಸಿದಿದ್ದೆ, ತಿಂದೆ. ಹಸಿದ ಬಾಯಿ ಹೇಳುವ ಸಾಕ್ಷಿಯನ್ನು ನಂಬಬಾರದು. ಇಷ್ಟು ವರ್ಷ ಕಳೆದ ಮೇಲಂತೂ ನಂಬಲೇಬಾರದು.

ಆದ್ದರಿಂದ ಅಜ್ಜಿಯನ್ನು ಇಲ್ಲಿಗೇ ಬಿಡುತ್ತೇನೆ. ನಾನು ಹೇಳಹೊರಟಿರುವುದು ತೀರ ಈಚಿನದು. ಅದಾಗಲೇ ಕೆಡತೊಡಗಿದೆ, ಅದಕ್ಕೇ ಹೇಳುತ್ತಿದ್ದೇನೆ. ಕೆಡಿಸುತ್ತಿರುವುದು ಒಂದು ಫೋಟೋ. ನಮ್ಮ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಹಬ್ಬ ಬಂದಾಗಲೆಲ್ಲ ಅದು ಒಂದು ಸುತ್ತು ಹಾಕುತ್ತದೆ. ಎರಡು ಮನೆಗಳ ನಡುವಿನ ಓಣಿಯಲ್ಲಿ ಶಾವಿಗೆ ಒರಳು ನಿಂತಿದೆ. ಒಂದು ಪಕ್ಕದಲ್ಲಿ ನಮ್ಮವ್ವ, ಇನ್ನೊಂದು ಪಕ್ಕದಲ್ಲಿ ಚಿಕ್ಕವ್ವ, ಅಂದರೆ ನಮ್ಮಪ್ಪನ ತಮ್ಮನ ಹೆಂಡತಿ. ಇಬ್ಬರ ಹಲ್ಲೂ ಕಾಣುತ್ತಿದೆ. ‘ಓರಗಿತ್ತಿಯರ ಪ್ರೀತಿ, ಒತ್ತುಶಾವಿಗೆಯ ಸವಿ’ ಎಂದು ಯಾರೋ ಕೆಳಗೆ ಬರೆದಿದ್ದಾರೆ. ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಆ ಹಲ್ಲು ನಗುವಿನದಲ್ಲ. ಒರಳಿನ ಹಿಡಿ ತಿರುಗಿಸುತ್ತ ಉಸಿರು ಬಿಗಿಹಿಡಿದಾಗ ಯಾರ ಹಲ್ಲಾದರೂ ಕಾಣುತ್ತದೆ.

ನಮ್ಮ ಊರು ರಾವಂದೂರಿನ ಹತ್ತಿರ. ಹೊಗೆಸೊಪ್ಪು ಮತ್ತು ರಾಗಿಯ ಊರು. ಮದುವೆಯಾದ ಮೇಲೆ ನಾನು ಹುಣಸೂರಿನಲ್ಲಿದ್ದೇನೆ. ಅಪ್ಪ, ಚಿಕ್ಕಪ್ಪ ಭಾಗವಾಗಿ ಬಹಳ ಕಾಲವಾಯಿತು. ಭಾಗದ ದಿನ ಹೊಲ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ, ಎತ್ತು, ಹಂಡೆ ಎಲ್ಲವನ್ನೂ ಸಲೀಸಾಗಿ ಹಂಚಿದ ಪಂಚಾಯ್ತಿಯವರಿಗೆ ಕೊನೆಯಲ್ಲಿ ಶಾವಿಗೆ ಒರಳು ತೊಡರಿಕೊಂಡಿತು. ಮೂರು ಕಾಲಿನ ಕಬ್ಬಿಣದ ಒರಳು. ಮೇಲೆ ತಿರುಪು, ತಿರುಪಿಗೆ ಉದ್ದನೆಯ ಹಿಡಿ. ಕೆಳಗೆ ಬೆಂದ ಹಿಟ್ಟು ತುಂಬುವ ಕೊಳವೆ, ಕೊಳವೆಯ ತಳಕ್ಕೆ ಕೂರುವ ಹಿತ್ತಾಳೆಯ ಬಿಲ್ಲೆ. ಬಿಲ್ಲೆಯ ತುಂಬ ಸಣ್ಣ ಕಣ್ಣುಗಳು. ಎಳೆ ಇಳಿಯಬೇಕಾದದ್ದು ಅದರೊಳಗಿಂದ. ಒರಳು ಅವ್ವನಿಗೂ ಬೇಕು, ಚಿಕ್ಕವ್ವನಿಗೂ ಬೇಕು. ಮಾತು ಬೆಳೆಯಿತು. ಆಗ ಹಿರಿಯರೊಬ್ಬರು ಎದ್ದುಹೋಗಿ ಎಲೆಯಡಿಕೆ ಉಗಿದು ಬಂದು ತೀರ್ಪು ಕೊಟ್ಟರು.

‘ಒರಳು ದೊಡ್ಡೋನ್ಗೆ, ಬಿಲ್ಲೆ ಚಿಕ್ಕೋನ್ಗೆ. ಶಾವ್ಗೆ ತಿನ್ಬೇಕು ಅಂದ್ರೆ ಇಬ್ರೂ ಸೇರ್ಲೇಬೇಕು ಕಣ್ರಪ್ಪ. ಅಂಗಾದ್ರೂ ಒಂದಾಗಿರ್ಲಿ.’

ಕೂತವರೆಲ್ಲ ತಲೆದೂಗಿದರಂತೆ. ಆ ಜಾಣತನವನ್ನು ಊರು ಇವತ್ತಿಗೂ ಹೊಗಳುತ್ತದೆ. ನಾನು ಅವತ್ತು ಅಲ್ಲಿದ್ದೆನೇ ಎಂಬುದು ನನಗೆ ಖಚಿತವಿಲ್ಲ. ಉಗಿದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಹಿರಿಯರು ಉಗಿಯದ ಪಂಚಾಯ್ತಿ ಯಾವುದಿದೆ, ಬೇರೆ ಯಾವುದರಿಂದಲೋ ಅಂಟಿಕೊಂಡಿರಬೇಕು. ತೀರ್ಪು ಮಾತ್ರ ನಿಜ. ಅದರ ಫಲವೂ ನಿಜ: ಅವತ್ತಿನಿಂದ ಎರಡೂ ಮನೆಯಲ್ಲಿ ಶಾವಿಗೆ ಒತ್ತಲಿಲ್ಲ. ನಾಲಿಗೆ ಮನುಷ್ಯರನ್ನು ಒಂದು ಮಾಡುತ್ತದೆ ಎಂದು ನಂಬುವ ಗಂಡಸರಿಗೆ, ಹಟ ಎಷ್ಟು ಕಾಲ ಉಪವಾಸ ಇರಬಲ್ಲದು ಎಂಬ ಅಂದಾಜಿರುವುದಿಲ್ಲ.

ಅವ್ವ ಒರಳನ್ನು ಜಗಲಿಯ ಮೂಲೆಯಲ್ಲಿ ನಿಲ್ಲಿಸಿ ಅದರ ಮೇಲೆ ಸೇವಂತಿಗೆಯ ಕುಂಡ ಇಟ್ಟಳು. ಚಿಕ್ಕವ್ವ ಬಿಲ್ಲೆಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ, ಶುಕ್ರವಾರ ಶುಕ್ರವಾರ ಹುಣಸೆಹಣ್ಣು ಹಾಕಿ ಬೆಳಗಿದಳು. ಬಳಸದ ವಸ್ತುವನ್ನು ಅಷ್ಟು ಬೆಳಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೆಳಗಿನ ಬಿಸಿಲಿನಲ್ಲಿ ಅದರ ಹೊಳಪು ಓಣಿ ದಾಟಿ ನಮ್ಮ ಗೋಡೆಯ ಮೇಲೆ ಬೀಳುತ್ತಿತ್ತು. ಇಬ್ಬರೂ ನೇರವಾಗಿ ಮಾತಾಡುತ್ತಿರಲಿಲ್ಲ. ಚಿಕ್ಕವ್ವ ತನ್ನ ಕೋಳಿಗಳಿಗೆ ಹೇಳುವಳು: ‘ಒರಳಿದ್ದು ಏನ್ ಬಂತ್ರೇ, ಕಣ್ಣಿಲ್ದಿರೋ ಒರಳು.’ ಅವ್ವ ಪೊರಕೆಗೆ ಹೇಳುವಳು: ‘ಕಣ್ಣಿದ್ರೆ ಸಾಕಾ, ನಿಲ್ಲಾಕೆ ಕಾಲ್ ಬ್ಯಾಡ್ವಾ?’ ಅದೇ ಹೊತ್ತಿಗೆ ಅವರ ಗಂಡಂದಿರು ಹುಣಸೂರಿನ ಹರಾಜುಕಟ್ಟೆಗೆ ಹೊಗೆಸೊಪ್ಪು ಹಾಕಿ, ಬಸ್ ಸ್ಟ್ಯಾಂಡಿನ ಹತ್ತಿರ ಒಂದೇ ತಟ್ಟೆಯಲ್ಲಿ ಬೋಂಡ ತಿನ್ನುವುದನ್ನು ನಾನೇ ಕಂಡಿದ್ದೇನೆ. ಊರಿಗೆ ಹೋಗುವಾಗ ಮಾತ್ರ ಬೇರೆ ಬೇರೆ ಬಸ್ಸು. ಜಗಳ ಮಾಡಿದ್ದು ಗಂಡಸರು, ಅದನ್ನು ಬಿಡುವಿಲ್ಲದೆ ನಡೆಸಿಕೊಂಡು ಬಂದದ್ದು ಹೆಂಗಸರು. ನಮ್ಮಲ್ಲಿ ಬೇಸಾಯವೂ ಹಾಗೆಯೇ.

ಈಗ ತಂಗಿಯ ವಿಷಯ. ಅವಳನ್ನು ಕೊಟ್ಟಿರುವುದು ಸಾಲಿಗ್ರಾಮದ ಕಡೆಗೆ. ನಾಲೆ ನೀರು, ಭತ್ತ, ಅದರ ಜೊತೆಗೆ ಬರುವ ಜಂಬ. ಮದುವೆ ಕೆ.ಆರ್. ನಗರದ ಒಂದು ಛತ್ರದಲ್ಲಿ ಆಯಿತು. ಅಡುಗೆಯವರು ಪಾಕೀಟಿನ ಶಾವಿಗೆಯಿಂದ ಪಾಯಸ ಮಾಡಿದ್ದರು. ಪಾಕೀಟಿನ ಶಾವಿಗೆಗೆ ಒಂದು ಗುಣವಿದೆ: ಅದು ಹಾಲನ್ನು ಕುಡಿಯುತ್ತಲೇ ಇರುತ್ತದೆ, ಒಲೆಯಿಂದ ಇಳಿಸಿದರೂ ಬಿಡುವುದಿಲ್ಲ. ಮೊದಲ ಪಂಕ್ತಿಗೆ ಪಾಯಸವಾಗಿದ್ದದ್ದು ಬೀಗರ ಪಂಕ್ತಿಯ ಹೊತ್ತಿಗೆ ಗಟ್ಟಿಯಾಗಿ ಕೂತಿತ್ತು. ಬಡಿಸುವವನು ಸೌಟಿನ ಅಂಚಿನಿಂದ ಕೊಯ್ದು ಎಲೆಗೆ ಹಾಕಿದ. ತಂಗಿಯ ಅತ್ತೆ ಅದನ್ನು ಬೆರಳಿನಿಂದ ಒತ್ತಿ ನೋಡಿ ಸುಮ್ಮನಾದರು. ಆ ಸುಮ್ಮನಿರುವಿಕೆಯನ್ನು ಅವರು ದಂಡ ಮಾಡಲಿಲ್ಲ, ಬಡ್ಡಿಗೆ ಬಿಟ್ಟರು.

‘ನಮ್ ಸೊಸೆ ತೌರಲ್ಲಿ ಪಾಯ್ಸಕ್ಕೂ ಚಾಕು ಬೇಕು ಕಣವ್ವ.’ ಮನೆಗೆ ಬಂದವರ ಮುಂದೆಲ್ಲ ಇದೇ. ತಂಗಿ ತಿಳಿ ಸಾರು ಮಾಡಿದರೆ, ‘ಇದಾದ್ರೂ ನೀರಾಗ್ಯದಲ್ಲ.’ ಹಬ್ಬಕ್ಕೆ ಪಾಯಸ ಮಾಡಲು ನಿಂತರೆ, ‘ಚಾಕು ತೊಳ್ದು ಇಟ್ಟೀವ್ನಿ ಕಣಮ್ಮ.’ ಎಲ್ಲವೂ ನಗುನಗುತ್ತ. ತಂಗಿ ಒಮ್ಮೆ ಫೋನಿನಲ್ಲಿ ಹೇಳಿದಳು: ‘ಬೈದ್ರೆ ತಿರುಗಿಸಿ ಬೈಬೋದು ಅಕ್ಕ. ಇವ್ರು ನಗ್ತಾರೆ. ನಾನೇನಾರ ಅಂದ್ರೆ, ಉಡುಗೀಗೆ ತಮಾಸೆ ತಿಳಿಯಾಕಿಲ್ಲ ಅಂತಾರೆ. ಮನೆ ತುಂಬ ನಗ್ತದೆ, ನಾನೂ ನಗ್ಬೇಕು. ಕೆನ್ನೆ ನೋಯ್ತದೆ.’

ಅವಳು ಬಸುರಿಯಾದಳು. ಏಳನೇ ತಿಂಗಳಿಗೆ ತೌರಿನಲ್ಲಿ ಬಳೆ ತೊಡಿಸಿ ಹೆರಿಗೆಗೆ ಉಳಿಸಿಕೊಳ್ಳುವುದು ನಮ್ಮ ಪದ್ಧತಿ. ಅತ್ತೆ ಮನೆಯವರು ಕರೆತಂದು, ಉಂಡು ಹೋಗುತ್ತಾರೆ. ಏನು ಸೀರೆ ತರಲಿ ಎಂದು ಅವ್ವ ಫೋನು ಮಾಡಿದಾಗ ತಂಗಿ ಅಂದಳಂತೆ: ‘ಸೀರೆ ಬ್ಯಾಡ ಕಣವ್ವ. ಒತ್ತುಶಾವ್ಗೆ ಮಾಡಿ ತೆಂಗಿನ್ಕಾಯಾಲು ಉಯ್ದು ಅವ್ರ ಎಲೆಗೆ ಬಡ್ಸು. ಆ ಮಾತು ಅವತ್ಗೆ ನಿಂತೋಗ್ಬೇಕು. ನಿಲ್ನಿಲ್ಲ ಅಂದ್ರೆ ನನ್ ಮಗೀಗೂ ಅದನ್ನೇ ಏಳಿ ಬೆಳೆಸ್ತಾರೆ.’

ಒತ್ತುಶಾವಿಗೆಗೂ ಪಾಕೀಟಿನದಕ್ಕೂ ಇರುವ ದೂರ ಹೊರಗಿನವರಿಗೆ ಗೊತ್ತಿರಲಾರದು. ಒಣ ಎಳೆಯನ್ನು ಹುರಿದು ಹಾಲಿಗೆ ಹಾಕಿದರೆ ಅದು ಪಾಯಸ, ಯಾರ ಕೈಯಲ್ಲಾದರೂ ಆಗುತ್ತದೆ. ಒತ್ತುಶಾವಿಗೆಗೆ ಅಕ್ಕಿ ಹಿಟ್ಟನ್ನು ಕುದಿಯುವ ನೀರಿಗೆ ಸುರಿದು ಮುದ್ದೆಯಂತೆ ತೊಳಸಿ, ಉಂಡೆ ಕಟ್ಟಿ, ಆ ಉಂಡೆಗಳನ್ನು ಮತ್ತೆ ನೀರಿನಲ್ಲಿ ಬೇಯಿಸಿ, ಕೈ ಸುಡುವಾಗಲೇ ಒರಳಿಗೆ ಹಾಕಿ ಒತ್ತಬೇಕು. ಆರಿದರೆ ಒರಳು ಕದಲುವುದಿಲ್ಲ. ಒಬ್ಬರ ಕೈಯಲ್ಲಿ ಆಗುವ ಕೆಲಸವೇ ಅಲ್ಲ. ಅದಕ್ಕೇ ಅದಕ್ಕೆ ಮರ್ಯಾದೆ. ರುಚಿಗೆಂದು ನಾನು ಹೇಳಲಾರೆ. ಬಡಿಸಿದರೆ, ಈ ಮನೆಯಲ್ಲಿ ಕೈಗಳಿವೆ ಎಂದು ತೋರಿಸಿದ ಹಾಗೆ.

ನಮ್ಮ ಮನೆಯಲ್ಲಿ ಒರಳಿತ್ತು, ಬಿಲ್ಲೆ ಇರಲಿಲ್ಲ. ‘ಕೇಳು ಅವ್ವ, ಒಂದು ದಿನಕ್ಕೆ’ ಎಂದೆ.

‘ಯಾರ್ನ?’ ಅಂದಳು ಅವ್ವ, ಓಣಿಯಾಚೆ ಯಾರೂ ವಾಸವೇ ಇಲ್ಲವೆಂಬಂತೆ.

ಅಪ್ಪನನ್ನು ಕೇಳಿದೆ. ಹುಣಸೂರಿನ ಲೇತ್ ಅಂಗಡಿಯಲ್ಲಿ ಬೇರೆ ಬಿಲ್ಲೆ ಕೊರೆಸಿದರಾಯಿತು ಅಂದರು. ‘ಯಾವಾಗ?’ ಅಂದೆ. ‘ಕೊರ್ಸಿದ್ರಾಯ್ತು’ ಅಂದರು. ನಮ್ಮಪ್ಪನ ಬಾಯಲ್ಲಿ ಈ ಪದ ಹೊಲಿಸಿದರಾಯ್ತು, ಹಾಕಿಸಿದರಾಯ್ತು, ತೋರಿಸಿದರಾಯ್ತು ಎಂದು ಅನೇಕ ರೂಪಗಳಲ್ಲಿ ಬರುತ್ತದೆ. ಆದದ್ದನ್ನು ನೋಡಿದವರಿಲ್ಲ.

ನಾನು ನನಗೆ ತಿಳಿದ ಬುದ್ಧಿವಂತಿಕೆ ಮಾಡಿದೆ. ಮೊದಲು ಪಾಕೀಟಿನ ಶಾವಿಗೆಯನ್ನೇ ಸರಿಯಾಗಿ ಮಾಡಿ ತೋರಿಸೋಣವೆಂದು ತುಪ್ಪದಲ್ಲಿ ಕೆಂಪಗೆ ಹುರಿದು, ನೀರಿನಲ್ಲಿ ಬೇಯಿಸಿ ಬಸಿದು, ಧಾರಾಳವಾಗಿ ಹಾಲು ಹಾಕಿ, ದ್ರಾಕ್ಷಿ ಗೋಡಂಬಿ ಉದುರಿಸಿ ಅವ್ವನ ಮುಂದೆ ಇಟ್ಟೆ. ಚಾಕು ಬೇಡವೇ ಬೇಡ, ಲೋಟದಲ್ಲಿ ಕುಡಿಯಬಹುದಿತ್ತು. ಅವ್ವ ಸೌಟಿನಲ್ಲಿ ಎತ್ತಿ ನೋಡಿದಳು.

‘ಇದು ಪಾಯ್ಸ ಅಲ್ಲ ಕಣೆ, ಕೂದ್ಲು ಬಿದ್ದಿರೋ ಹಾಲು.’

ಆಮೇಲೆ ಹುಣಸೂರಿನ ಪೇಟೆಯಿಂದ ಕೈಯಲ್ಲೇ ಒತ್ತುವ ಸ್ಟೀಲಿನ ಸಣ್ಣ ಒರಳು ತಂದೆ. ಒರಳು ಮನೆಯಲ್ಲಿಟ್ಟುಕೊಂಡು ಇನ್ನೊಂದು ಕೊಂಡದ್ದು ಓಣಿಯಾಚೆ ತಿಳಿಯದಿರಲಿ ಎಂದು ಅವ್ವ ಅದನ್ನು ಸೆರಗಿನಲ್ಲಿ ಸುತ್ತಿ ಒಳಗೆ ಒಯ್ದಳು. ಬಿಸಿ ಹಿಟ್ಟು ತುಂಬಿ ಒತ್ತಿದರೆ ಕೆಳಗಿನಿಂದ ಏನೂ ಇಳಿಯಲಿಲ್ಲ; ಮೇಲಿನಿಂದ, ಪಕ್ಕದಿಂದ ಹಿಟ್ಟು ಉಕ್ಕಿ ನನ್ನ ಮಣಿಕಟ್ಟಿಗೆ ಮೆತ್ತಿಕೊಂಡಿತು. ಇನ್ನೊಮ್ಮೆ ಒತ್ತಿದಾಗ ಹಿಡಿ ಬಾಗಿತು. ಅವ್ವ ನನ್ನ ಸುಟ್ಟ ಕೈಗೆ ಎಣ್ಣೆ ಹಚ್ಚುತ್ತ, ‘ಓದ್ಕಂಡೋರು ತಂದಿದ್ದಲ್ವಾ, ಬಾಗ್ತದೆ’ ಅಂದಳು. ಆ ಹಿಟ್ಟನ್ನು ರೊಟ್ಟಿ ತಟ್ಟಿದೆವು. ರೊಟ್ಟಿಯೂ ಚೆನ್ನಾಗಿರಲಿಲ್ಲ.

ಅವತ್ತು ಸಂಜೆ ಅವ್ವ ಒರಳಿನ ಮೇಲಿದ್ದ ಕುಂಡವನ್ನು ಇಳಿಸಿದಳು. ತಿರುಪಿನ ತುಕ್ಕಿಗೆ ಸೀಮೆಎಣ್ಣೆ ಹಾಕಿ ತಿಕ್ಕಿದಳು. ನನ್ನ ಕಡೆ ತಿರುಗದೆ, ‘ನೀನೆಲ್ಲಾರ ಓಗಿದ್ದು ನಂಗೊತ್ತಿಲ್ಲ’ ಅಂದಳು. ಅದು ನಮ್ಮವ್ವ ಅಪ್ಪಣೆ ಕೊಡುವ ಕ್ರಮ.

ಚಿಕ್ಕವ್ವ ಬಾಗಿಲಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಬಿಲ್ಲೆ ಅವಳ ತಲೆಯ ಮೇಲೆ ಹೊಳೆಯುತ್ತಿತ್ತು. ತಂಗಿಯ ಅತ್ತೆಯ ಮಾತು, ಚಾಕುವಿನ ಕತೆ ಎಲ್ಲ ಹೇಳಿದೆ. ಅವಳಿಗೆ ಅದೆಲ್ಲ ಮೊದಲೇ ಗೊತ್ತಿತ್ತು. ಕೇಳುವಾಗ ಮಾತ್ರ ಮೊದಲ ಸಲ ಕೇಳಿದವಳಂತೆ ನಾಲಿಗೆ ಲೊಚಗುಟ್ಟಿದಳು.

‘ಬಿಲ್ಲೆ ಕಳಿಸೋಕಾಗಾಕಿಲ್ಲ ಕಣವ್ವ. ಅದು ನನ್ ಪಾಲಿಂದು. ಅದು ಎಲ್ಲೋಯ್ತದೋ ಅಲ್ಲಿಗೆ ನಾನೂ ಬತ್ತೀನಿ. ನಾನೇ ಕೂರಿಸ್ತೀನಿ, ನಾನೇ ತೆಗೀತೀನಿ.’

‘ಬಾ ಚಿಕ್ಕವ್ವ. ಬರಬೇಡ ಅಂದೋರು ಯಾರು?’

‘ಕರೆದೋರು ಯಾರು? ನೀನಾ, ನಿಮ್ಮವ್ವನಾ?’

ಮನೆಗೆ ಬಂದು ಅವ್ವನಿಗೆ ಹೇಳಿದೆ. ಚಿಕ್ಕವ್ವ ನಮ್ಮ ಹೊಸಿಲು ದಾಟುವಂತಿಲ್ಲ ಎಂದಳು ಅವ್ವ. ಹಾಗಾದರೆ ಒರಳನ್ನೇ ಅಲ್ಲಿಗೆ ಒಯ್ಯೋಣವೆಂದೆ. ತನ್ನ ಒರಳು ಆ ಮನೆಗೆ ಹೋದರೆ ತಾನೇ ಹೋದ ಹಾಗೆ ಎಂದಳು. ಏಳು ತಿಂಗಳ ಬಸುರಿ ಒಬ್ಬಳು ನಗಲಾರದೆ ನಗುತ್ತಿದ್ದಾಳೆ, ಇಲ್ಲಿ ಇವರು ಕಬ್ಬಿಣಕ್ಕೂ ಹಿತ್ತಾಳೆಗೂ ಗೌರವ ಅಳೆಯುತ್ತಿದ್ದಾರೆ. ನನಗೆ ಕೂಗಿಬಿಡಬೇಕು ಅನ್ನಿಸಿತ್ತು. ಕೂಗಿದೆ ಎಂದು ತಂಗಿ ಹೇಳುತ್ತಾಳೆ. ಅವಳು ಅಲ್ಲಿರಲೇ ಇಲ್ಲ. ನನ್ನ ನೆನಪಿನಲ್ಲಿ ನಾನು ಓಣಿಯನ್ನು ನೋಡುತ್ತ ನಿಂತಿದ್ದೇನೆ. ಎರಡೂ ಮನೆಯ ಸೂರಿನ ನೀರು ಬೀಳುವ ಓಣಿಯನ್ನು ಭಾಗದಲ್ಲಿ ಹಂಚಿರಲಿಲ್ಲ. ನೀರನ್ನು ಯಾರ ಪಾಲಿಗೆ ಬರೆಯುವುದು ಎಂದು ಬಗೆಹರಿಯದೆ ಹಾಗೇ ಬಿಟ್ಟಿದ್ದರು.

‘ಓಣೀಲಿ ಒತ್ತಿ’ ಎಂದೆ.

ಇಬ್ಬರೂ ಒಪ್ಪಿದ್ದು ತೀರ ಬೇಗ. ಇಷ್ಟು ಹೊತ್ತು ನನ್ನಿಂದ ಅದನ್ನು ಹೇಳಿಸಲೆಂದೇ ಕಾದಿದ್ದರು ಎಂದು ಆಗ ಹೊಳೆಯಲಿಲ್ಲ.

ಬಳೆ ತೊಡಿಸುವ ದಿನ ಬೆಳಗ್ಗೆ ಅಪ್ಪ ಮತ್ತು ಚಿಕ್ಕಪ್ಪ ಒರಳನ್ನು ಹೊತ್ತು ತಂದು ಓಣಿಯ ನಡುವೆ ನಿಲ್ಲಿಸಿದರು. ಯಾವ ಕಾಲೂ ಯಾವ ಮನೆಯ ಕಡೆಗೂ ಹೆಚ್ಚು ಸರಿಯದಂತೆ ಚಿಕ್ಕವ್ವ ಎರಡು ಸಲ ಸರಿಪಡಿಸಿದಳು. ಬೀಗರು ಬರುವುದು ಮಧ್ಯಾಹ್ನದ ಹೊತ್ತಿಗೆ. ಅಷ್ಟರೊಳಗೆ ಒತ್ತಿ ಮುಗಿಸಿ, ಒರಳು ಒಳಗಿಟ್ಟು, ಓಣಿ ತೊಳೆದು, ಏನೂ ಆಗದವರಂತೆ ಎಲೆ ಹಾಕುವುದು ಲೆಕ್ಕ. ಅವ್ವ ಒಳಗೆ ಹಿಟ್ಟು ತೊಳಸಿ ಉಂಡೆ ಬೇಯಿಸುವಳು. ಉಂಡೆ ನೀರಿನ ಮೇಲಕ್ಕೆ ತೇಲಿದರೆ ಬೆಂದಿತು. ನಾನು ಅದನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಓಣಿಗೆ ಓಡುವೆ. ಅವ್ವ ಹಿಂದೆಯೇ ಬಂದು ಹಿಡಿಯ ಒಂದು ತುದಿ ಹಿಡಿಯುವಳು, ಇನ್ನೊಂದು ತುದಿ ಚಿಕ್ಕವ್ವನದು. ಇಬ್ಬರೂ ಒರಳಿನ ಸುತ್ತ ಗಾಣದೆತ್ತಿನ ಹಾಗೆ ಸುತ್ತಬೇಕು. ಕೆಳಗೆ ಮೊರದ ಮೇಲೆ ಎಲೆ ಹಾಸಿ, ಇಳಿಯುವ ಎಳೆಗಳು ಸುರುಳಿಯಾಗಿ ಬೀಳುವಂತೆ ನಾನು ಮೊರ ತಿರುಗಿಸಬೇಕು.

ಇಬ್ಬರ ಮುಖದ ನಡುವೆ ಆ ಹಿಡಿಯ ಉದ್ದಕ್ಕಿಂತ ಹೆಚ್ಚು ಅಂತರವಿರಲಿಲ್ಲ. ಮಾತೆಲ್ಲ ಕೆಳಗೆ ಕೂತ ನನ್ನ ಮೂಲಕ.

‘ಇಟ್ಟು ಗಟ್ಟಿಯಾಯ್ತು ಅಂತ ಏಳವ್ವ ನಿಮ್ಮವ್ವಂಗೆ.’

‘ಗಟ್ಟಿಯಾಗ್ನಿಲ್ಲ, ಒತ್ತೋರು ಮೆತ್ತಗಾಗವ್ರೆ ಅನ್ನು.’

‘ಉಪ್ಪು ಆಕವ್ಳಾ ಕೇಳು.’

‘ಮರ್ತಿದ್ರೆ ಅವರ ಮನೆಯಿಂದ ತರ್ತೀನಾ ಅನ್ನು.’

ಚಿಕ್ಕಪ್ಪ ಫೋನು ತೆಗೆದು ಫೋಟೋ ಹಿಡಿದದ್ದು ಈ ಹೊತ್ತಿನಲ್ಲೇ. ಆ ಸಂಸಾರದ ಗಂಡಸರು ಅವತ್ತು ಒರಳು ಹೊತ್ತದ್ದು ಬಿಟ್ಟರೆ ಮಾಡಿದ ಕೆಲಸ ಅದೊಂದೇ. ಕೆಟ್ಟ ಕೆಲಸಗಳೇ ಹೀಗೆ ಚೆನ್ನಾಗಿ ಉಳಿಯುತ್ತವೆ.

ಎಳೆ ಮಾತ್ರ ಇಳಿಯಿತು. ಇಷ್ಟು ವರ್ಷ ಬೆಳಗಿಸಿಕೊಂಡು ಸುಮ್ಮನೆ ನೇತಾಡಿದ ಬಿಲ್ಲೆಯಿಂದ ಬಿಳಿಯ, ನುಣ್ಣನೆಯ, ಹಬೆಯಾಡುವ ಎಳೆ. ಸುರುಳಿಯ ಮೇಲೆ ಸುರುಳಿ. ಇಬ್ಬರೂ ಒಂದು ಕ್ಷಣ ನಿಂತು ಮೊರದ ಕಡೆ ನೋಡಿದರು. ಇಲ್ಲಿ ನಾನು ಏನಾದರೂ ಮೃದುವಾದದ್ದನ್ನು ಬರೆಯಬೇಕು ಎಂದು ಕೈ ತುರಿಸುತ್ತದೆ. ಅವರು ನೋಡಿದ್ದು ಎಳೆ ಎಲ್ಲಿ ತುಂಡಾಗಿದೆ, ತಪ್ಪು ಯಾರ ತಲೆಗೆ ಕಟ್ಟಬಹುದು ಎಂದು.

ಮೊರ ಅರ್ಧ ತುಂಬಿರಲಿಲ್ಲ, ಬೀಗರು ಬಂದೇಬಿಟ್ಟರು. ರಾಹುಕಾಲಕ್ಕೆ ಮೊದಲು ಹೊಸಿಲು ತುಳಿಯಬೇಕೆಂದು ಬೇಗ ಹೊರಟರಂತೆ. ಬೀದಿಯ ತುಂಬ ರಾಗಿ ಹುಲ್ಲು ಹರಡಿ ಒಕ್ಕುತ್ತಿದ್ದರಿಂದ ಕಾರನ್ನು ಅರಳಿಕಟ್ಟೆಯ ಹತ್ತಿರ ನಿಲ್ಲಿಸಿ, ಹುಲ್ಲು ತುಳಿಯುವುದು ಬೇಡವೆಂದು ಓಣಿಯ ಕಡೆಯಿಂದಲೇ ನಡೆದು ಬಂದರು. ಮುಂದೆ ತಂಗಿಯ ಅತ್ತೆ, ಹಿಂದೆ ತಂಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. ತಂಗಿ ಒರಳನ್ನು, ಅದರ ಎರಡು ಪಕ್ಕದವರನ್ನು ನೋಡಿದಳು. ಆಮೇಲೆ ಅತ್ತೆಯ ಬೆನ್ನನ್ನು ನೋಡಿದಳು. ಚಾಕುವಿನ ಮಾತನ್ನು ನಿಲ್ಲಿಸಲು ಹೋಗಿ ಅದಕ್ಕಿಂತ ದೊಡ್ಡ ಮಾತನ್ನು ನಾವೇ ಕೈಗೆ ಕೊಟ್ಟಿದ್ದೆವು: ಅಣ್ಣತಮ್ಮಂದಿರು ಶಾವಿಗೆ ಒರಳನ್ನೂ ಕೊಯ್ದು ಹಂಚಿಕೊಂಡ ಮನೆ.

‘ಇದೇನ್ರವ್ವ, ಬೀದೀಲಿ ಒತ್ತುತಾ ಇದ್ದೀರಿ?’ ಅಂದರು ಅತ್ತೆ. ಬಾಯಲ್ಲಿ ಆಗಲೇ ನಗು ಸಿದ್ಧವಾಗಿತ್ತು.

ಅವ್ವ ಹಿಡಿ ಬಿಟ್ಟು ಸೆರಗು ಸರಿಮಾಡಿಕೊಂಡಳು. ಚಿಕ್ಕವ್ವ ಹಿಡಿ ಬಿಡದೆ, ಬೆವರು ಒರೆಸಿಕೊಳ್ಳದೆ ಹೇಳಿದಳು:

‘ಒಳಗೆ ಒತ್ತುದ್ರೆ ಸೆಕೆಗೆ ಎಳೆ ಅಂಟ್ಕತ್ತವೆ ಕಣ್ರವ್ವ. ಬಿಸಿಬಿಸೀಗೆ ಗಾಳಿ ತಾಕ್ಬೇಕು. ಎರಡು ಗೋಡೆ ಸಂದೀಲಿ ಬರೋ ಗಾಳೀನೇ ಇದ್ಕೆ ಆಗ್ಬೇಕು. ನಮ್ ಅತ್ತೆ ಕಾಲದಿಂದ್ಲೂ ಇಲ್ಲೇ ನಾವು. ನಿಮ್ ಕಡೆ ಒಳ್ಗೇ ಒತ್ತೀರಾ?’

ಹಸಿ ಸುಳ್ಳು. ನಮ್ಮಜ್ಜಿ ಅಡುಗೆಮನೆಯ ಹೊಗೆಯಲ್ಲಿ, ಬಾಗಿಲು ಹಾಕಿಕೊಂಡು ಒತ್ತುತ್ತಿದ್ದಳು. ಗಾಳಿ ಬಂದರೆ ಎಳೆ ಒಣಗುತ್ತದೆ ಎಂದು ಬಾಗಿಲು ತೆರೆದವರಿಗೆ ಬೈಗುಳ. ಆದರೆ ಕೊನೆಯ ಪ್ರಶ್ನೆ ನಾಟಿತು. ಅತ್ತೆಯ ಮನೆಯಲ್ಲಿ ಒತ್ತುವವರೇ ಇರಲಿಲ್ಲ. ಹಬ್ಬಕ್ಕೆ ಸಾಲಿಗ್ರಾಮದ ಅಂಗಡಿಯಿಂದ ಒಣ ಶಾವಿಗೆ ತರುತ್ತಿದ್ದರು ಎಂದು ತಂಗಿಗೆ ಗೊತ್ತು. ಅತ್ತೆ ಆ ನಗುವನ್ನು ಹೇಗೋ ಬೇರೆ ಕಡೆ ತಿರುಗಿಸಿ, ‘ಗಾಳಿ ಬೇಕೇ ಬೇಕು ಬುಡಿ’ ಅಂದರು, ಹುಟ್ಟಿದಂದಿನಿಂದ ತಿಳಿದವರ ಹಾಗೆ. ತಿಳಿಯದು ಎಂದು ಒಪ್ಪುವುದಕ್ಕಿಂತ ಸುಳ್ಳಿಗೆ ತಲೆದೂಗುವುದು ಸುಲಭ. ಇದು ಭತ್ತದ ಊರಿನಲ್ಲೂ ರಾಗಿಯ ಊರಿನಲ್ಲೂ ಒಂದೇ.

ಚಿಕ್ಕವ್ವ ನಮ್ಮ ಮಾನ ಉಳಿಸಿದಳು ಎನ್ನುತ್ತಾರೆ. ಮಾನ ಅವಳದೂ ಇತ್ತು. ಬಿಲ್ಲೆ ಅವಳದಲ್ಲವೇ?

ಮಧ್ಯಾಹ್ನ ತಂಗಿಗೆ ಹಸಿರು ಬಳೆ ತೊಡಿಸಿ, ಎಲೆ ಹಾಕಿದೆವು. ಅವ್ವ ತೆಂಗಿನಕಾಯಿ ತುರಿದು, ಗಸಗಸೆ ಏಲಕ್ಕಿಯೊಂದಿಗೆ ಅರೆದು, ಹಾಲು ಹಿಂಡಿ, ಬೆಲ್ಲ ಕರಗಿಸಿ ಸೋಸಿ ಸೇರಿಸಿದ್ದಳು. ಒಡೆಯುತ್ತದೆಂದು ಬೆಲ್ಲ ಸೇರಿದ ಮೇಲೆ ಒಲೆಯ ಮೇಲಿಟ್ಟಿರಲಿಲ್ಲ. ಶಾವಿಗೆಯ ಸುರುಳಿಯ ಮೇಲೆ ಅದನ್ನು ಸುರಿದಾಗ ಎಳೆಗಳು ಬಿಡಿಬಿಡಿಯಾಗಿ ಹರಡಿಕೊಂಡವು. ಅತ್ತೆ ಒಮ್ಮೆ ಬಡಿಸಿಕೊಂಡು ಉಂಡರು. ಮತ್ತೆ ಎಲೆ ಮುಂದೆ ಮಾಡಿದರು. ತಂಗಿ ತನ್ನ ಎಲೆಯನ್ನು ಮುಟ್ಟದೆ ಅವರ ಬಾಯನ್ನೇ ನೋಡುತ್ತಿದ್ದಳು.

‘ಒಂದಕ್ಕೊಂದು ಅಂಟಿಲ್ಲ’ ಅಂದರು ಅತ್ತೆ. ಆಮೇಲೆ ತಲೆಯೆತ್ತಿ, ‘ಯಾರ್ ಕೈ ಇದು?’ ಅಂದರು.

ಅಕ್ಕಿ ನೆನೆಸಿ, ಒಣಗಿಸಿ, ಹಿಟ್ಟು ಮಾಡಿಸಿದ್ದು, ತೊಳಸಿದ್ದು, ಉಂಡೆ ಬೇಯಿಸಿದ್ದು, ಕಾಯಿ ಹಿಂಡಿದ್ದು ಅವ್ವ. ಅವಳ ಅಂಗೈ ಕೆಂಪಗೆ ಊದಿತ್ತು. ಚಿಕ್ಕವ್ವ ನಮ್ಮ ಹೊಸಿಲಿನಾಚೆ, ಓಣಿಯಲ್ಲಿ ನೀರು ಸುರಿದುಕೊಂಡು ಬಿಲ್ಲೆಯ ಕಣ್ಣುಗಳನ್ನು ಕಡ್ಡಿಯಿಂದ ಚುಚ್ಚಿ ಶುಚಿ ಮಾಡುತ್ತಿದ್ದಳು. ಸದ್ದು ಕೇಳುತ್ತಿತ್ತು. ಅವ್ವ ‘ನನ್ನದು’ ಅಂದರೆ ಆ ಸದ್ದು ನಿಂತು ಅಲ್ಲಿಂದ ಕೋಳಿಗಳಿಗೋ ಪೊರಕೆಗೋ ಒಂದು ಮಾತು ಬರುವುದು ಖಂಡಿತ. ಒಂದು ಮಾತು ಬಂದರೆ ಪಂಚಾಯ್ತಿಯ ತನಕ ಎಲ್ಲವೂ ಬರುತ್ತದೆ. ತಂಗಿ ಈಗ ಅವ್ವನ ಕಡೆ ತಿರುಗಿದ್ದಳು.

‘ನಮ್ ಓರಗಿತ್ತೀದು’ ಅಂದಳು ಅವ್ವ. ‘ಅವಳಷ್ಟು ಸಣ್ಣಗೆ ಒತ್ತೋರು ಈ ಮನೇಲಿಲ್ಲ.’

ನಮ್ಮ ನೆಂಟರು ಇದನ್ನು ಔದಾರ್ಯ ಅನ್ನುತ್ತಾರೆ. ನಾನು ಪಕ್ಕದಲ್ಲೇ ಸೌಟು ಹಿಡಿದು ನಿಂತಿದ್ದೆ. ಕಹಿ ಮಾತ್ರೆಯನ್ನು ನೀರಿಲ್ಲದೆ ನುಂಗಿದವರ ಮುಖ ಅದು. ಔದಾರ್ಯವಿರುವವರ ಗಂಟಲು ಹಾಗೆ ಏರಿಳಿಯುವುದಿಲ್ಲ. ಅತ್ತೆ, ‘ಅವರ್ನೂ ಕರೀರಿ ಉಣ್ಣಾಕೆ’ ಅಂದರು. ಅವ್ವ ಕರೆಯಬೇಕಾಯಿತು, ಹೆಸರು ಹಿಡಿದು, ಹೊಸಿಲಿನವರೆಗೆ ಹೋಗಿ. ಚಿಕ್ಕವ್ವ ಹೊಸಿಲಿನವರೆಗೆ ಬಂದಳು, ಒಳಗೆ ಬರಲಿಲ್ಲ. ‘ಸೀರೆ ಒದ್ದೆಯಾಗ್ಯದೆ’ ಅಂದು ಜಗಲಿಯಲ್ಲೇ ಕೂತು ಬಟ್ಟಲಲ್ಲಿ ಹಾಕಿಸಿಕೊಂಡು ತಿಂದಳು. ಬಿಲ್ಲೆ ಅವಳ ಮಡಿಲಲ್ಲಿತ್ತು. ಸಂಜೆಗೆ ಅದು ಅದರ ಮೊಳೆಗೆ ಹೋಯಿತು, ಒರಳು ನಮ್ಮ ಮೂಲೆಗೆ ಬಂತು. ಮರುವಾರ ಅವ್ವ ಕುಂಡವನ್ನೂ ಮೇಲೆತ್ತಿ ಇಟ್ಟಳು.

ಆಮೇಲೆ ಬಂದ ಯುಗಾದಿಗೆ ನಮ್ಮ ಮನೆಯಲ್ಲಿ ಒಬ್ಬಟ್ಟು, ಅವರ ಮನೆಯಲ್ಲಿ ಪಾಕೀಟಿನ ಪಾಯಸ. ಗುಂಪಿನಲ್ಲಿ ಮಾತ್ರ ಫೋಟೋ ಬಂತು. ಈ ಸಲ ಅದರ ಕೆಳಗೆ ಯಾವನೋ ದೂರದ ನೆಂಟ ಉದ್ದಕ್ಕೆ ಬರೆದಿದ್ದ: ನಮ್ಮ ಕಡೆ ಶಾವಿಗೆಯನ್ನು ಎರಡು ಗೋಡೆಗಳ ನಡುವಿನ ಗಾಳಿಯಲ್ಲೇ ಒತ್ತುವುದು ತಲೆತಲಾಂತರದ ಸಂಪ್ರದಾಯ, ಅದರ ಹಿಂದೆ ಹಿರಿಯರ ವಿಜ್ಞಾನವಿದೆ. ಬೆವರಿನ ನಡುವೆ ಹುಟ್ಟಿದ ಸುಳ್ಳಿಗೆ ವರ್ಷ ತುಂಬುವುದರೊಳಗೆ ಪೂರ್ವಜರು ಸಿಕ್ಕಿದ್ದರು. ಅಲ್ಲ ಎಂದು ಬರೆಯಲು ಹೊರಟೆ. ಬರೆದರೆ ತಂಗಿಯ ಅತ್ತೆಯೂ ಓದುತ್ತಾರೆ. ಅವರೂ ಈಗ ಆ ಗುಂಪಿನಲ್ಲಿದ್ದಾರೆ. ಅಳಿಸಿದೆ.

ತಂಗಿಗೆ ಹೆಣ್ಣುಮಗು ಹುಟ್ಟಿತು. ಬಾಣಂತನ ಮುಗಿಸಿ ಗಂಡನ ಮನೆಗೆ ಹೋದ ಮೇಲೆ ಒಂದು ಮಧ್ಯಾಹ್ನ ಅವಳು ಫೋನು ಮಾಡಿದಳು. ನಾನು ಊರಿನಲ್ಲೇ ಇದ್ದೆ. ಮನೆಗೆ ಯಾರೋ ಬಂದಿದ್ದರಂತೆ, ಪಾಯಸದ ಮಾತು ಬಂತಂತೆ. ಅವಳು ಕೆನ್ನೆ ಬಿಗಿಮಾಡಿಕೊಂಡು ಕಾದಳಂತೆ. ಅತ್ತೆ ಅಂದರಂತೆ: ‘ನಮ್ ಸೊಸೆ ತೌರೋರು ಕೈಯಾರೆ ಒತ್ತೋ ಜನ ಕಣವ್ವ. ಅವಳ ಚಿಕ್ಕವ್ವ ಅವ್ಳೆ, ಏನ್ ಎಳೆ ಅಂತೀಯ.’ ಅಷ್ಟೆ. ಚಾಕುವಿನ ಮಾತು ಬರಲಿಲ್ಲ. ಈಚೆಗೆ ಬಂದೇ ಇಲ್ಲ.

‘ಖುಷಿಯಾಯ್ತಾ?’ ಎಂದೆ.

‘ಇಲ್ಲ ಅಕ್ಕ. ಸಿಟ್ಟು ಬಂತು. ಒಂದು ಮಾತು ನಿಲ್ಸೋಕೆ ಇವ್ರಿಗೆ ಎರಡು ಮನೆಯೋರು ಬೀದೀಲಿ ನಿಂತು ಬೆವರು ಸುರಿಸ್ಬೇಕಿತ್ತಾ? ಪಾಯ್ಸ ಗಟ್ಟಿಯಾಯ್ತು. ಆಗ್ಲಿ. ಆಗ್ಬಾರ್ದಾ?’ ಮಗು ಅತ್ತಿತು, ಅವಳು ಫೋನು ಇಟ್ಟಳು.

ಅವ್ವ ಹಿತ್ತಲ ಬಾಗಿಲಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ಕೇಳಿಸಿಕೊಂಡಿಲ್ಲ ಎಂಬಂತೆ ರಾಗಿಯಲ್ಲಿ ಕಲ್ಲು ಆರಿಸುತ್ತಿದ್ದಳು.

‘ಏನಂತೆ?’

ಹೇಳಿದೆ.

‘ಯಾರ್ ಕೈ ಅಂದ್ರಂತೆ?’

‘ಚಿಕ್ಕವ್ವಂದು.’

ಅವ್ವ ಮೊರವನ್ನು ಒಮ್ಮೆ ಕೇರಿದಳು. ಹೊಟ್ಟು ಹಾರಿತು.

‘ಬಾಯಿ ಮುಚ್ತಲ್ಲ, ಬುಡು’ ಅಂದಳು. ಇನ್ನೊಂದು ಸಲ ಕೇರಿ, ಮೊರವನ್ನು ಮಡಿಲಿಗಿಳಿಸಿಕೊಂಡಳು. ‘ಇಟ್ಟು ಬೇಯ್ಸಿದ್ದು ಯಾರು ಅಂತ ಒಬ್ಬಳೂ ಕೇಳ್ನಿಲ್ಲ ನೋಡು.’